ಸೈಕಲ್ಲಿಲ್ಲದವನ ಪಂಕ್ಚರು

ಅರಸೀಕೆರೆ ರೈಲ್ವೆ ಗೇಟಿನ ಪಕ್ಕ ನನ್ನ ಅಂಗಡಿ.
ಅಂಗಡಿ ಅಂದರೆ ಒಂದು ಕಂಪ್ರೆಸರು, ಒಂದು ನೀರಿನ ತೊಟ್ಟಿ,
ತಗಡಿನ ನೆರಳು, ಮೂವತ್ತೊಂದು ವರ್ಷ.

ಲೋಹಿತ ಮೊದಲ ಸಲ ಬಂದಾಗ
ಸೈಕಲ್ಲೆಲ್ಲಿ ಅಂತ ನಾನು ಕೇಳಲಿಲ್ಲ.
ಹದಿನೈದರ ಸಲ್ಯೂಷನ್ ಟ್ಯೂಬಿಗೆ ಇಪ್ಪತ್ತು ಕೊಟ್ಟು
ಚಿಲ್ಲರೆ ಮರೆತು ಹೋದ.
ಎರಡನೆಯ ಸಲ ನಾನೇ ಇಪ್ಪತ್ತೈದು ಅಂದೆ.
ಒಟ್ಟು ಹನ್ನೊಂದು ಟ್ಯೂಬು.
ಲೆಕ್ಕ ನನಗೆ ಗೊತ್ತು, ಬರೆದಿಟ್ಟಿಲ್ಲ ಅಷ್ಟೆ.

ಸ್ಟೇಷನ್ನಿನಲ್ಲಿ ಕಡಲೆಕಾಯಿ ಮಾರುವ ಹುಡುಗ.
ಹೋದ ವರ್ಷದವರೆಗೆ ಈ ಜಂಕ್ಷನ್ನಿಗೆ ಅವನೇ ಬೋರ್ಡು.
ಹುಬ್ಬಳ್ಳಿ ಗಾಡಿ ಎಷ್ಟನೆಯ ಪ್ಲಾಟ್‌ಫಾರಂ, ಮೈಸೂರಿನದು ಎಷ್ಟು ಲೇಟು,
ಜನರಲ್ ಡಬ್ಬಿ ಯಾವ ಕಂಬದ ಹತ್ತಿರ ನಿಲ್ಲುತ್ತದೆ,
ಎಲ್ಲ ಕಣ್ಣು ಮುಚ್ಚಿ, ಮೈಕಿನ ಹೆಂಗಸಿನ ದನಿಯಲ್ಲೇ,
‘ದಯವಿಟ್ಟು ಗಮನಿಸಿ’ಯನ್ನು ಮೂಗಿನಲ್ಲಿ ಎಳೆದು.
ಹಮಾಲರು ನಕ್ಕು ಟೀ ಕೊಡಿಸುತ್ತಿದ್ದರು.

ಆಮೇಲೆ ಮುಷ್ಟಿಯಲ್ಲಿ ಮುದುರಿದ ಕರ್ಚೀಫು ಬಂತು.

ಮೊದಲು ಹೋದದ್ದು ಹಸಿವು.
ಕೊಬ್ಬರಿ ಮಂಡಿಯಲ್ಲಿ ಚಿಪ್ಪು ಒಡೆಯುವ ಚಿಕ್ಕತಾಯಮ್ಮ
ನನ್ನ ಹತ್ತಿರವೇ ಬಂದು ಹೇಳಿದಳು:
‘ಮುದ್ದೆ ತಟ್ಟೇಲೇ ಒಣಗ್ತದೆ ಸಾಬ್ರೆ,
ಬಾಯ್ ಸುತ್ತ ಹುಣ್ಣು. ಏನ್ ಹಚ್ಲಿ?’
ನಾನು ಕೈಯಲ್ಲಿದ್ದ ವಾಲ್ವು ನೋಡುತ್ತ ಕೂತೆ.

ಗಾಡಿಗಳು ಒಂದೊಂದೇ ಅವನ ತಲೆಯಿಂದ ಹೊರಟವು.
ಮೊದಲು ರಾತ್ರಿಯವು,
ಆಮೇಲೆ ವಾರಕ್ಕೊಮ್ಮೆ ಬರುವುವು,
ಕೊನೆಗೆ ಎದುರಿಗೇ ನಿಂತ ಪ್ಯಾಸೆಂಜರ್ ಬಿಟ್ಟು
‘ಇನ್ನೂ ಬಂದಿಲ್ಲ’ ಅಂದ ಒಬ್ಬ ಮುದುಕನಿಗೆ.
ಮುದುಕ ನಂಬಿ ಗಂಟಿನ ಮೇಲೆ ಕೂತೇ ಇದ್ದ,
ಗಾಡಿ ಹೋಯಿತು.

ಹಾಸನದ ದೊಡ್ಡಾಸ್ಪತ್ರೆಗೆ ನಾನೂ ಜೊತೆಗೆ ಹೋಗಿದ್ದೆ.
ಡಾಕ್ಟರಮ್ಮ ನಿಧಾನ ಹೇಳಿದರು:
ನರದ ಮೇಲಿನ ಹೊದಿಕೆಯನ್ನೇ ತಿನ್ನುತ್ತದೆ ಇದು,
ಕೈ ನಡುಗುವುದು, ಮರೆವು, ಕಿಡ್ನಿ, ಕಣ್ಣು.
ಅಷ್ಟು ದಿನ ಬೇಕಂತಲೂ ಇಲ್ಲ,
ಮೊದಲನೆಯ ಸಲಕ್ಕೇ ಎದೆ ನಿಲ್ಲಬಹುದು,
ಅದೂ ಮೂಸಿದ ಮೇಲೆ ಓಡಿದರೆ, ಬೆಚ್ಚಿದರೆ.

ನಾನು ಅವನನ್ನು ಎರಡು ಸಲ ಅಟ್ಟಿಸಿಕೊಂಡು ಹೋಗಿದ್ದೆ.
ಕೈಯಲ್ಲಿ ಸ್ಪ್ಯಾನರು. ಹಳಿ ದಾಟುವವರೆಗೂ.

ಬಂದವನೇ ಟ್ಯೂಬುಗಳನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದೆ.
‘ಚಕ್ರ ತಂದರೆ ಕೆಲಸ, ಇಲ್ಲದಿದ್ದರೆ ನಡಿ.’
ಮರುದಿನ ತಂದ, ಮಂಡಿಯ ಕೈಗಾಡಿಯ ಚಕ್ರ, ಒಂದು ಮೊಳೆ.
ಅದರ ಮರುದಿನವೂ ಅದೇ ಚಕ್ರ.
ಆರನೆಯ ದಿನ ಮೂರು ತೂತು, ಸಾಲಾಗಿ,
ಬೆರಳಲ್ಲಿ ಅಳೆದು ಚುಚ್ಚಿದ ಹಾಗೆ.
ನಾನು ಹಚ್ಚುವಾಗ ಬಗ್ಗಿ ನನ್ನ ಉಗುರಿನವರೆಗೆ ಮೂಗು ತಂದು,
‘ಒಣಗ್ಲಿ ಬಿಡಿ ಸಾಬ್ರೆ, ಅರ್ಜೆಂಟಿಲ್ಲ.’

ಆ ರಾತ್ರಿ ನನ್ನ ಅಂಗೈ ನಾನೇ ಮೂಸಿ ನೋಡಿದೆ.
ಏನೂ ಇಲ್ಲ.
‘ನಿಮ್ಮ ದಿಂಬು ನಾರ್ತದೆ, ಮದುವೆಯಾದಾಗಿಂದ,’ ಅಂದಳು ಜುಬೇದಾ.
‘ಹಲಸಿನ ಹಣ್ಣು ಮೂರು ದಿನ ಒಳಗೇ ಇತ್ತು,
ನಿಮಗೆ ಗೊತ್ತೇ ಆಗಲಿಲ್ಲ.’

ಈಗ ಪ್ಯಾಚು ಹಚ್ಚುವುದು ಹಿಂದೆ, ಬಯಲಲ್ಲಿ, ಗಾಳಿಗೆ ಬೆನ್ನು ಕೊಟ್ಟು.
ಅವನಿಗೆ ತೊಟ್ಟಿಯ ಕೆಲಸ.
ಟ್ಯೂಬು ಮುಳುಗಿಸಬೇಕು, ಗುಳ್ಳೆ ಎಲ್ಲಿಂದ ಅಂತ ಹುಡುಕಬೇಕು.
ಕೈ ನಡುಗಿ ನೀರೆಲ್ಲ ಗುಳ್ಳೆ.
ಯಾವುದು ತೂತಿನದು, ಯಾವುದು ತನ್ನ ಕೈಯದು
ಅವನಿಗೆ ತಿಳಿಯುವುದಿಲ್ಲ.
‘ತಡಿ, ನೀರು ನಿಲ್ಲಲಿ,’ ಅನ್ನುತ್ತೇನೆ.
ನಿಲ್ಲುವುದಕ್ಕೆ ಬಹಳ ಹೊತ್ತು ಬೇಕು.

ಮೂರು ದಿನ ಬಂದ. ನಿನ್ನೆ ಇಲ್ಲ.
ಇವತ್ತು ಬಂದಿದ್ದಾನೆ, ಮೂಸಿ ಬಂದನೋ ಹಾಗೇ ಬಂದನೋ
ನನ್ನ ಮೂಗನ್ನು ಕೇಳಿ ಪ್ರಯೋಜನವಿಲ್ಲ.

ಗೇಟು ಬಿತ್ತು. ನೆಲ ಅದುರಿತು.
‘ಯಾವುದಲೇ ಅದು?’ ಅಂದೆ.
ತೊಟ್ಟಿಯಿಂದ ಮುಖ ಎತ್ತದೆ,
ಕೊನೆಯ ಡಬ್ಬಿ ದಾಟುವವರೆಗೂ ಯೋಚಿಸಿ,
‘ಗೂಡ್ಸು,’ ಅಂದ.

ಗೂಡ್ಸೇ.
ಗೂಡ್ಸಿಗೆ ಟೈಮಿಲ್ಲ, ಯಾರಾದರೂ ಹೇಳಬಹುದು.
ನಾನು ಇಬ್ಬರಿಗೂ ಟೀ ಹೇಳಿದೆ.